ಸಕ್ಕರೆ ಬಿಟ್ಟ ಮೇಲೆ ಕಂಡ ಮಧ್ಯಾಹ್ನ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ನಾನು ಒಂಬತ್ತು ವರ್ಷ ಗುಮಾಸ್ತ. ಹೆಸರಿಗೆ ಗುಮಾಸ್ತ, ಅರ್ಧ ಕೆಲಸ ಚಹಾ ಕುಡಿಯುವುದೇ. ಮಾಲು ತಂದ ರೈತನ ಜೊತೆ ಕೂತು ಕಪ್ಪು ಎತ್ತದಿದ್ದರೆ ಅವನಿಗೆ ನಮ್ಮ ಮೇಲೆ ನಂಬಿಕೆ ಹುಟ್ಟುವುದಿಲ್ಲ. ಹತ್ತು ರೈತರು ಬಂದರೆ ಹತ್ತು ಚಹಾ. ನಮ್ಮ ಪೇಟೆಯ ಚಹಾ ಅಂದರೆ ಬಿಸಿ ಪಾಕ, ತುಟಿಗೆ ತುಟಿ ಅಂಟಬೇಕು! ಊಟವಾಗಿ ಗಾದಿಗೆ ಒರಗಿದೆನೆಂದರೆ ಡೊಳ್ಳು ಬಡಿದರೂ ಏಳುತ್ತಿರಲಿಲ್ಲ.

ನಮ್ಮ ಸಾಹುಕಾರರು ಮಾತ್ರ ಸಕ್ಕರೆ ಬಿಟ್ಟವರು. ಬಿಟ್ಟವರು ಸುಮ್ಮನಿರಬೇಕಪ್ಪ! ಹಾವೇರಿಯಲ್ಲಿ ಮದುವೆಯಾಗಲಿ, ರಾಣೆಬೆನ್ನೂರಿನಲ್ಲಿ ಸೀಮಂತವಾಗಲಿ, ಎಲೆಗೆ ಜಿಲೇಬಿ ಬಿದ್ದ ಕೂಡಲೇ ಪ್ರವಚನ ಶುರು.

"ಸಕ್ಕರಿ ಅಂದ್ರ ಬಿಳೇ ವಿಷ ನೋಡ್ರಿ. ನಾ ಬಿಟ್ಟಾಗಿಂದ ಮಧ್ಯಾಹ್ನ ಕಣ್ಣು ಮುಚ್ಚಂಗಿಲ್ಲ. ಎಷ್ಟು ಕೆಲಸ ಆಕ್ಕಾವ ಅಂತೀರಿ!"

ಹೇಳುತ್ತಲೇ ಮೂರನೆಯ ಹೋಳಿಗೆ ಮುರಿಯುವರು. ಬೆಲ್ಲದ್ದಂತೆ, ಅದು ನಡೆಯುತ್ತದಂತೆ.

ಕದರಮಂಡಲಗಿಯ ಅಜ್ಜನೊಬ್ಬ ಪ್ರತಿ ಸಲ ನಮ್ಮ ಅಂಗಡಿಗೇ ಮೆಣಸಿನಕಾಯಿ ತರುತ್ತಿದ್ದ. ರಾಶಿ ಸುರುವಿ, ನನ್ನ ಕಾವಲಿಗೆ ಬಿಟ್ಟು ಊಟಕ್ಕೆ ಹೋಗುವನು. ಬಂದವನೇ, "ಎಲ್ಲಾ ಇದ್ದಂಗ ಐತೇನ್ರಿ?" ಎನ್ನುವನು. ನಾನು ಕಣ್ಣುಜ್ಜಿಕೊಂಡು "ಐತ್ರಿ" ಎನ್ನುವೆನು. ಒಂದು ದಿನ ಅವನು ನಕ್ಕುಬಿಟ್ಟ.

"ನಿಮ್ಮನ್ನ ನಂಬಿ ಬಿಟ್ಟು ಹೋಕ್ಕೇನಿ. ನೀವು ನೋಡಿದ್ರ ಗೊರಕಿ ಹೊಡಿಯಾಕತ್ತೀರಿ!"

ಮೈಯೆಲ್ಲ ಉರಿಯಿತು. ನನ್ನ ಕಾವಲಿನಲ್ಲಿ ಒಂದು ಕಾಯಿಯೂ ಕದಲುವುದಿಲ್ಲ ಎಂಬುದೊಂದೇ ನಾನು ಗಳಿಸಿದ ಹೆಸರು. ಅಂದೇ ಸಕ್ಕರೆ ಬಿಟ್ಟೆ.

ಮೊದಲ ವಾರ ತಲೆ ಸಿಡಿಯಿತು. ಮನೆಯಲ್ಲಿ ಸಿಟ್ಟು ಮಾಡಿ, ಹೆಂಡತಿಯಿಂದ ಮಂಗಳಾರತಿ ಮಾಡಿಸಿಕೊಂಡೆ. ರೈತರೋ, ಸಪ್ಪೆ ಚಹಾ ಕುಡಿಯುವ ಗುಮಾಸ್ತನನ್ನು ಅನುಮಾನದಿಂದಲೇ ನೋಡಿದರು. ಎರಡು ವಾರ ಕಳೆದ ಮೇಲೆ ಮಂಕು ಹರಿಯಿತು. ಸಂಜೆಯವರೆಗೆ ಎಳೆಯುತ್ತಿದ್ದ ಬರಹದ ಕೆಲಸ ಮೂರು ಗಂಟೆಗೇ ಮುಗಿಯತೊಡಗಿತು. ಸಾಹುಕಾರರ ಮಾತು ಖರೆಯೆಂದು ಒಪ್ಪಿಕೊಳ್ಳಬೇಕಲ್ಲ, ಅದೇ ದೊಡ್ಡ ಸಂಕಟವಾಯಿತು.

ಅಜ್ಜ ಮತ್ತೆ ಮಾಲು ತಂದ ದಿನ, ಅವನು ಊಟಕ್ಕೆ ಹೋದ ಮೇಲೆ, ಅಭ್ಯಾಸಬಲದಿಂದ ಗಾದಿಗೆ ಒರಗಿ ಕಣ್ಣು ಮುಚ್ಚಿದೆ. ನಿದ್ದೆ ಬರಲಿಲ್ಲ. ಸರಸರ ಸದ್ದಾಯಿತೆಂದು ಕಣ್ಣು ಬಿಟ್ಟರೆ, ನಮ್ಮ ಸಾಹುಕಾರರು ಅಜ್ಜನ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಆರಿಸಿ ಆರಿಸಿ ಒಳ್ಳೆಯ ಕಾಯಿಗಳನ್ನು ತಮ್ಮ ಚೀಲಕ್ಕೆ ತುಂಬುತ್ತಿದ್ದರು. ಅಬ್ಬಾ, ಮಧ್ಯಾಹ್ನ ಆಗುತ್ತಿದ್ದ ಕೆಲಸ ಇದು!

"ಏನ್ ಮಾಡಾಕತ್ತೀರಿ, ಸಾವ್ಕಾರ್ರ?"

ಅವರು ಬೆಚ್ಚಿಬಿದ್ದರು. "ಸ್ಯಾಂಪಲ್ ರೀ... ಸ್ಯಾಂಪಲ್."

"ಚೀಲ ತುಂಬ ಸ್ಯಾಂಪಲ್ಲೇನ್ರಿ? ಸುರುವ್ರಿ ವಾಪಸ್ಸ."

ನಾಚಿಕೆಯಿಲ್ಲದ ಮನುಷ್ಯ, ಸುರುವಿದರು. ಸುರುವಿ, ಚಹಾದವನನ್ನು ಕೂಗಿದರು: "ಏ, ನಮ್ಮ ಗುಮಾಸ್ತರಿಗೆ ಒಂದು ಚಹಾ ತಾ! ಸಕ್ಕರಿ ಜಾಸ್ತಿ ಹಾಕು. ಮಾರಿ ಬಾಡೇತಿ, ಪಾಪ."

ಚಹಾ ನನ್ನ ಮುಂದೆಯೇ ಕೆನೆಗಟ್ಟಿತು. ಅಷ್ಟರಲ್ಲಿ ಅಜ್ಜ ಬಂದ.

"ಎಲ್ಲಾ ಇದ್ದಂಗ ಐತೇನ್ರಿ?"

ಒಂಬತ್ತು ವರ್ಷದ "ಐತ್ರಿ" ನಾಲಿಗೆಯ ಮೇಲೆ ಬಂದು ನಿಂತಿತು. ಸಾಹುಕಾರರು ನನ್ನನ್ನೇ ನೋಡುತ್ತಿದ್ದರು.

"ಇವತ್ತು ಐತ್ರಿ ಅಜ್ಜಾರ," ಅಂದೆ. "ಹಿಂದಿಂದು ನನಗ ಗೊತ್ತಿಲ್ರಿ. ನಾ ಮಲಗಿದ್ದೆ."