ಮರಡಿಹಳ್ಳದ ಗರಸು ನೆಲ ಮತ್ತು ಶ್ರೀ ಹಾಲಸ್ವಾಮಿಯವರು

ಬಳ್ಳಾರಿ ಜಿಲ್ಲೆಯ ಒಕ್ಕಲುತನವನ್ನು ಬಲ್ಲವರು ಎರೆಯ ಕಪ್ಪು ಮಣ್ಣಿನ ಗುಣವನ್ನು ಗಂಟೆಗಟ್ಟಲೆ ವರ್ಣಿಸಬಲ್ಲರು. ಮಸಾರಿಯ ಕೆಂಪು ಮಣ್ಣಿನ ಮರ್ಮವನ್ನೂ ಬಿಡಿಸಿ ಹೇಳಬಲ್ಲರು. ಆದರೆ ಸಂಡೂರಿನ ಗುಡ್ಡಗಳ ನಡುವೆ, ಕಾಡಿನ ಅಂಚಿಗೆ, ಹಳ್ಳಗಳ ಎರಡೂ ಬದಿಯಲ್ಲಿ ಅಗಲವಾದ ಮೆಟ್ಟಿಲುಗಳಂತೆ ಹಾಸಿಕೊಂಡಿರುವ ಗರಸು ನೆಲದ ವಿಚಾರವನ್ನು ಯಾರನ್ನಾದರೂ ಕೇಳಬೇಕೆಂದರೆ, ಇಂದಿಗೂ ನಮಗೆ ನೆನಪಾಗುವುದು ಒಂದೇ ಹೆಸರು. ಮೇಲೆ ನೋಡಿದರೆ ಹರಳುಕಲ್ಲು, ಕೆಳಗೆ ಇಳಿಯಲಾರದೆ ತಡೆದು ನಿಂತ ನೀರು. ಬೇಸಗೆಯಲ್ಲಿ ಕಾದ ಬಾಣಲೆಯಂತೆ ಕಾಣುವ, ಶ್ರಾವಣದಲ್ಲಿ ಬೇರನ್ನು ಕೊಳೆಸುವ ಆ ನೆಲದ ಸ್ವಭಾವವನ್ನು ನಮ್ಮ ಸೀಮೆಯಲ್ಲಿ ಮೊದಲು ಅರಿತು, ಬರೆದಿಟ್ಟು, ತಿದ್ದಿ ತೋರಿಸಿದವರು ಈ ವರ್ಷ ಕೃಷಿ ಇಲಾಖೆಯ ಸೇವೆಯಿಂದ ನಿವೃತ್ತರಾಗಿರುವ ಶ್ರೀ ಹಾಲಸ್ವಾಮಿಯವರು.

ಅಭಿನಂದನ ಸಮಿತಿಯವರು ನನ್ನಿಂದ ಲೇಖನ ಕೇಳಿದಾಗ ನಾನು ಸ್ವಲ್ಪ ಹಿಂಜರಿದೆ. ಅವರ ಶಿಷ್ಯನಾಗುವ ಭಾಗ್ಯ ನನ್ನದಾಗಿರಲಿಲ್ಲ. ಅವರ ಇಲಾಖೆಯವನೂ ನಾನಲ್ಲ. ಅರಣ್ಯದ ಕೆಲಸದಲ್ಲಿ ತಲೆ ನರೆಸಿಕೊಂಡವನು. ಅಷ್ಟೇ ಅಲ್ಲ, ವರ್ಷಕ್ಕೂ ಮೇಲ್ಪಟ್ಟು ಅವರ ದಾರಿಗೆ ಅಡ್ಡ ನಿಂತವನು. ಈ ಮಾತನ್ನು ಮುಚ್ಚಿಟ್ಟು ಅವರನ್ನು ಹೊಗಳಿದರೆ ಮೊದಲು ಬೇಸರಪಡುವವರು ಅವರೇ ಎಂಬುದನ್ನು ಬಲ್ಲೆನಾದ್ದರಿಂದ, ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಕಮಲಾಪುರದ ಬಾಳೆತೋಟಗಳ ನಡುವೆ ಬೆಳೆದ ಹಾಲಸ್ವಾಮಿಯವರು ೧೯೧೨ರಲ್ಲಿ ಸೇವೆಗೆ ಸೇರಿದರು. ಅವರ ಮೊದಲ ಹದಿನೈದು ವರ್ಷಗಳು ಬಹುಮಟ್ಟಿಗೆ ಕಂಪ್ಲಿಯ ಕಾಲುವೆ ನೀರಿನ ಗದ್ದೆಗಳಲ್ಲಿ ಕಳೆದವು. ಹಿಡಿಗಟ್ಟಲೆ ಸಸಿ ಒತ್ತಿ ನೆಡುವ ಬದಲು ಒಂದೊಂದೇ ಸಸಿಯನ್ನು ಬಿಡಿಸಿ ನೆಡಿರೆಂದು ಬೋಧಿಸುವುದು ಆಗಿನ ಅವರ ಕೆಲಸ. ಬದುವಿನ ಮೇಲೆ ನಿಂತು ಬೋಧಿಸುವವರನ್ನು ಕಂಡು ನಾಟಿಯ ಹೆಂಗಸರು ನಗುತ್ತಿದ್ದರಂತೆ. ಇವರು ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟಿ, ಆ ಹೆಂಗಸರ ಸಾಲಿನಲ್ಲೇ ಬಗ್ಗಿ ನಿಂತು ಒಂದು ಇಡೀ ಗದ್ದೆ ನೆಟ್ಟು ಮುಗಿಸಿದರು. ಮರುದಿನ ಸೊಂಟ ಹಿಡಿದು ಏಳಲಾಗದಿದ್ದರೂ ಎರಡನೆಯ ಗದ್ದೆಗೆ ಇಳಿದರು. ಕಂಪ್ಲಿಯಲ್ಲಿ ಅವರಿಗೆ ಸಿಕ್ಕ ನಂಬಿಕೆ ಆ ಎರಡನೆಯ ದಿನದ ಸಂಪಾದನೆಯೆಂದು ನನ್ನ ಭಾವನೆ.

ನಾನು ಅವರನ್ನು ಮೊದಲು ಕಂಡದ್ದು ೧೯೨೭ರ ಮಾರ್ಚಿನಲ್ಲಿ. ಕಂಪ್ಲಿಯ ಕೆಳಗೆ ಹೊಳೆ ದಂಡೆ ಕೊರೆದು ಹದಿನಾಲ್ಕು ಮನೆಯವರ ಹೊಲಗಳು ನೀರುಪಾಲಾಗಿದ್ದವು. ಅವರಿಗೆ ಮರಡಿಹಳ್ಳದ ಕಣಿವೆಯಲ್ಲಿ, ನನ್ನ ಪಹರೆಯಲ್ಲಿದ್ದ ಕಾಯ್ದಿಟ್ಟ ಅರಣ್ಯದ ಅಂಚಿಗೆ ಹೊಂದಿಕೊಂಡ ಮೆಟ್ಟಿಲು ನೆಲವನ್ನು ಕೊಡುವುದೆಂದು ಗೊತ್ತಾಯಿತು. ಅದು ಸಾಗುವಳಿಗೆ ತಕ್ಕದ್ದೇ ಎಂದು ನೋಡಿ ಬರೆಯಲು ಹಾಲಸ್ವಾಮಿಯವರು ಬಂದರು. ಹಳ್ಳದ ಕಡೆಯ ಅಂಚಿನಲ್ಲಿ ಒಂದು ಗುಂಡಿ ತೋಡಿಸಿದರು. ಮೊಣಕಾಲುದ್ದ ಸಡಿಲವಾದ ಗರಸು, ಅದರ ಕೆಳಗೂ ಒಣ ಮಣ್ಣು. ನೀರು ಸರಾಗವಾಗಿ ಇಳಿಯುವ ನೆಲ, ಜೋಳಕ್ಕೆ ಯೋಗ್ಯವೆಂದು ಬರೆದು ಹೊರಟುಹೋದರು.

ಆ ಬರಹವನ್ನು ನಂಬಿ ಹದಿನಾಲ್ಕು ಮನೆಯವರು ಗಾಡಿ ಕಟ್ಟಿಕೊಂಡು ಬಂದು, ಕಲ್ಲು ಆರಿಸಿ, ಜೋಳ ಬಿತ್ತಿದರು. ಪೈರು ಮೊಣಕಾಲೆತ್ತರ ಬಂದಿತು. ಆಗಸ್ಟಿನ ಮಳೆ ಹಿಡಿದ ಮೇಲೆ ಎಲೆ ಹಳದಿಗೆ ತಿರುಗಿ, ಹಿಡಿದರೆ ಬುಡಸಹಿತ ಕಿತ್ತು ಬರತೊಡಗಿತು. ಸುದ್ದಿ ಕೇಳಿ ಧಾವಿಸಿದ ಹಾಲಸ್ವಾಮಿಯವರ ಮುಂದೆ, ಆ ಮನೆಗಳಿಗೆಲ್ಲ ಹಿರಿಯನಂತಿದ್ದ ಮೂಕಣ್ಣ ಕೊಳೆತ ಬೇರಿನ ಒಂದು ಹಿಡಿಯನ್ನು ತಂದಿಟ್ಟ.

“ನಿಮ್ಮ ಕಾಗದ ನಂಬಿ ಬಂದ್ವಿ ಸ್ವಾಮ್ಯಾರ. ಹೊಳಿ ಹೊಲ ತಿಂದಿದ್ದು ಕಣ್ಣಿಗಾರ ಕಾಣ್ತಿತ್ತು. ಇಲ್ಲಿ ಏನ್ ತಿನ್ನಾಕ ಹತ್ತೈತಿ ಅಂತ ತಿಳಿವಲ್ದು.”

ಹಾಲಸ್ವಾಮಿಯವರು ಬೇರನ್ನು ಮೂಸಿ ನೋಡಿದರು. ಎಲ್ಲರೂ ಕೇಳುವಂತೆ ಹೇಳಿದರು: “ತಪ್ಪು ನಂದು ಮೂಕಣ್ಣ. ಬ್ಯಾಸಿಗ್ಯಾಗ ಬಂದು ಒಂದೇ ಗುಂಡಿ ತೋಡಿ ಬರದೆ. ಇದನ್ನ ಸರಿ ಮಾಡೂಮಟ ನಾನು ಇಲ್ಲಿಂದ ಹೋಗಂಗಿಲ್ಲ.”

ಸ್ಥಳದಲ್ಲಿದ್ದ ನನಗೆ ಆ ಮಾತು ಆವೇಶದ್ದೆಂದು ತೋರಿತು. ಅವರ ಮೇಲಿನ ಅಧಿಕಾರಿಯೊಬ್ಬರು, ಬಿತ್ತನೆ ತಡವಾದದ್ದರಿಂದ ಬೆಳೆ ಕೆಟ್ಟಿತೆಂದು ಬರೆದರೆ ಸಾಕು ಎಂದು ಸೂಚಿಸಿದ್ದರು. ಬೇರೆ ಊರಿಗೆ ವರ್ಗವನ್ನೂ ಕೊಡಿಸಲು ಸಿದ್ಧರಿದ್ದರು. ಹಾಲಸ್ವಾಮಿಯವರು ವರ್ಗ ಬೇಡವೆಂದು, ಬಿತ್ತನೆ ಸಕಾಲಕ್ಕೆ ನಡೆದಿತ್ತೆಂದು, ಪರೀಕ್ಷೆಯೇ ಅರೆಬರೆಯಾಗಿತ್ತೆಂದು ತಮ್ಮ ಹೆಸರಿನಲ್ಲೇ ಬರೆದು ಕಳಿಸಿದರು. ಆ ಕಾಗದದಿಂದ ಅವರ ಬಡ್ತಿ ಒಂಬತ್ತು ವರ್ಷ ತಡವಾಯಿತು. ಈ ಸಂಗತಿಯನ್ನು ಅವರ ಬಾಯಿಂದ ನಾನು ಒಂದು ಸಲವೂ ಕೇಳಿಲ್ಲ. ಅವರ ಕಚೇರಿಯವರು ಹೇಳಿದ್ದು.

ಬಳಿಕ ಅವರು ಕಣಿವೆಯಲ್ಲಿ ಗುಡಿಸಲು ಹಾಕಿಕೊಂಡು, ಸುರಿಯುವ ಮಳೆಯಲ್ಲೇ ಗುಂಡಿ ತೋಡತೊಡಗಿದರು. ನಲವತ್ತೊಂದು ಗುಂಡಿಗಳು. ಹಳ್ಳದಂಚು ಬಿಟ್ಟು ಉಳಿದೆಲ್ಲ ಕಡೆ ಒಂದೇ ಕಥೆ: ಎರಡು ಗೇಣು ಗರಸು, ಅದರ ಕೆಳಗೆ ತುಕ್ಕಿನ ಕಲೆಗಳುಳ್ಳ ಬೂದಿಬಣ್ಣದ ಜಿಗುಟು ಮಣ್ಣು. ನೀರು ಗರಸಿನಲ್ಲಿ ಇಳಿದು ಆ ಜಿಗುಟಿನ ಮೇಲೆ ನಿಲ್ಲುತ್ತಿತ್ತು. ಆದರೆ ಬಿದ್ದ ಮಳೆಗಿಂತ ನಿಂತ ನೀರು ಹೆಚ್ಚಾಗಿತ್ತು. ಅದು ಬರುವುದೆಲ್ಲಿಂದ ಎಂಬುದೇ ಬಗೆಹರಿಯಲಿಲ್ಲ. ಬಗೆಹರಿಸಿದವರು ಮೂಕಣ್ಣನ ವಿಧವೆ ಅಕ್ಕ ಭೀಮಮ್ಮ. ಆಕೆ ದಿನಾ ಗುಡ್ಡದ ಬುಡಕ್ಕೆ ಹುಲ್ಲು ಕೊಯ್ಯಲು ಹೋಗುತ್ತಿದ್ದರು.

“ಗುಡ್ಡದ ಬುಡಕ್ಕ ಉದ್ದಕ ಜೇಕಿನ ಹುಲ್ಲು ಬೆಳ್ದೈತಿ ನೋಡ್ರಿ. ಮಳಿ ನಿಂತು ಎಂಟು ದಿನ ಆದ್ರೂ ಅಲ್ಲಿ ಕಾಲಿಟ್ರ ನೀರು ಚಿಲ್ಲಂತೈತಿ. ನೀವು ಇಲ್ಲಿ ತೋಡೂದಕ್ಕಿಂತ ಅಲ್ಲಿ ತೋಡ್ರಿ.”

ಭೀಮಮ್ಮ ಹೇಳಿದಲ್ಲಿ ತೋಡಿದಾಗ ಗುಡ್ಡದ ಮಗ್ಗುಲಿನಿಂದ ನೀರು ಒಸರಿ ಬರುವುದು ಕಣ್ಣಿಗೆ ಕಂಡಿತು. ಗುಡ್ಡ ಕುಡಿದ ಮಳೆಯೆಲ್ಲ ಆ ಜಿಗುಟು ಮಣ್ಣಿನ ಮೇಲೆ ಜಾರಿ, ಗರಸಿನೊಳಗಿನಿಂದಲೇ ಹೊಲಗಳಿಗೆ ನುಗ್ಗುತ್ತಿತ್ತು. ಹಾಲಸ್ವಾಮಿಯವರ ಆ ವರ್ಷದ ವರದಿಯನ್ನು ನಾನು ಓದಿದ್ದೇನೆ. ಕಾರಣವನ್ನು ಕಂಡುಕೊಟ್ಟವರು ರೈತಮಹಿಳೆ ಭೀಮಮ್ಮನವರು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಸರಕಾರಿ ಕಾಗದಗಳಲ್ಲಿ ಇಂಥ ವಾಕ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮದ್ದು ಸರಳವಾಗಿತ್ತು: ಗುಡ್ಡದ ಬುಡದಲ್ಲೇ ಜಿಗುಟು ಮಣ್ಣು ಮುಟ್ಟುವವರೆಗೆ ಬಸಿಗಾಲುವೆ ತೋಡಿ, ನೀರನ್ನು ಅಲ್ಲೇ ಹಿಡಿದು, ಸುತ್ತುಹಾಕಿಸಿ ಹಳ್ಳಕ್ಕೆ ಬಿಡುವುದು. ಆದರೆ ಆ ಕಾಲುವೆಯ ಮುನ್ನೂರು ಗಜ ಕಾಯ್ದಿಟ್ಟ ಅರಣ್ಯದೊಳಗೆ ಹೋಗಬೇಕಿತ್ತು. ನಾನು ಒಪ್ಪಲಿಲ್ಲ. ಇಂದು ಕಾಲುವೆಗೆ ಬಂದವರು ನಾಳೆ ಕೊಡಲಿ ಹಿಡಿದು ಬರುತ್ತಾರೆಂಬುದು ನನ್ನ ವಾದ. ಬೇರೆ ಇಲಾಖೆಯವನು ನನ್ನ ಕಾಡಿನಲ್ಲಿ ಗುದ್ದಲಿ ಹಾಕುವುದೇ ಎಂಬ ಬಿಗುಮಾನವೂ ಇತ್ತು. ಅವರ ಅರ್ಜಿ ನನ್ನ ಪ್ರತಿಕೂಲ ಅಭಿಪ್ರಾಯದೊಂದಿಗೆ ಎರಡು ಸಲ ಹಿಂದಿರುಗಿತು. ಅಷ್ಟರಲ್ಲಿ ಎರಡನೆಯ ವರ್ಷದ ಬೆಳೆಯೂ ಹೋಗಿ, ನಾಲ್ಕು ಮನೆಯವರು ಕೂಲಿಗೆಂದು ಕಂಪ್ಲಿಗೆ ಹೊರಟರು. ಹಾಲಸ್ವಾಮಿಯವರು ಮಾತ್ರ ನನ್ನ ಬಾಗಿಲಿಗೆ ಬರುವುದನ್ನು ಬಿಡಲಿಲ್ಲ. ಹನ್ನೊಂದು ಸಲ ಬಂದರು. ಒಂದು ಸಲವೂ ದನಿ ಏರಿಸಲಿಲ್ಲ, ಒಂದು ಸಲವೂ ಅಂಗಲಾಚಲಿಲ್ಲ.

ಹನ್ನೊಂದನೆಯ ಸಲ ಅವರು ನನ್ನನ್ನು ಕೇಳಿದ್ದು ಬೇರೆ ಮಾತು: “ಉಚ್ಚೆಂಗಪ್ಪನವರ, ನಿಮ್ಮ ತೇಗದ ಸಸಿ ಯಾಕ ಸಾಯಾಕ ಹತ್ಯಾವ್ರಿ?”

ಅದು ನನ್ನ ಗಾಯ. ಕಣಿವೆಯಲ್ಲಿ ನಾನೇ ಮುತುವರ್ಜಿಯಿಂದ ಎಬ್ಬಿಸಿದ ತೇಗದ ನೆಡುತೋಪು ಮೂರು ವರ್ಷದಿಂದ ಒಣಗುತ್ತಿತ್ತು. ಅದಕ್ಕೆ ದನಗಾಹಿ ಗಾಳೆಪ್ಪನ ದನಗಳೇ ಕಾರಣವೆಂದು ನಂಬಿ, ಅವನ್ನು ಮೂರು ವರ್ಷವೂ ದೊಡ್ಡಿಗೆ ಹಾಕಿಸಿದ್ದೆ. “ದನ ತುಳೀತಾವ,” ಎಂದೆ.

“ಬರ್ರಿ, ನೋಡೂಣು,” ಎಂದು ಹಾರೆ ಹೆಗಲಿಗಿಟ್ಟು ಅವರು ಮುಂದೆ ನಡೆದರು.

ಸತ್ತ ಸಸಿಯೊಂದರ ಬುಡದಲ್ಲಿ ತಾವೇ ತೋಡಿ, ನನ್ನನ್ನು ಗುಂಡಿಗೆ ಇಳಿಯಹೇಳಿದರು. ಎರಡು ಗೇಣು ಗರಸು. ಅದರ ಕೆಳಗೆ ಅದೇ ಬೂದಿಬಣ್ಣದ ಜಿಗುಟು. ನಾನು ನಿಂತಿದ್ದಂತೆಯೇ ಪಾದ ಮುಳುಗುವಷ್ಟು ನೀರು ಒಸರಿತು. ಸಸಿಯ ಬೇರು ಮೂಕಣ್ಣನ ಜೋಳದ ಬೇರಿನಂತೆಯೇ ಕಪ್ಪಾಗಿ ಕೊಳೆತಿತ್ತು. ಹಾಲಸ್ವಾಮಿಯವರು ಕೈಕೊಟ್ಟು ನನ್ನನ್ನು ಮೇಲೆತ್ತಿಕೊಂಡರು. ಅವರು ಗೆದ್ದೆನೆಂಬಂತೆ ಒಂದು ನಗೆ ಬೀರಿದ್ದರೂ ನಾನು ಮತ್ತೆ ಮೊಂಡು ಹಿಡಿಯುತ್ತಿದ್ದೆನೋ ಏನೋ.

ಆ ಸಂಜೆಯೇ ನಾನು ಅನುಕೂಲದ ಅಭಿಪ್ರಾಯ ಬರೆದೆ. ಮರುದಿನ ಅವರನ್ನು ಜೊತೆಗೆ ಕರೆದುಕೊಂಡು ಗಾಳೆಪ್ಪನ ಹಟ್ಟಿಗೆ ಹೋಗಿ, ನಿನ್ನ ದನಗಳ ತಪ್ಪಿರಲಿಲ್ಲ, ನನ್ನದೇ ತಪ್ಪು ಎಂದೆ. ಆತ ನಮಗೆ ಕೂರಲು ಕಂಬಳಿಯನ್ನೂ ಹಾಸಲಿಲ್ಲ.

“ಮೂರು ವರ್ಷ ಹೇಳಿದ್ನೆಲ್ರಿ. ಈಗ ಕೇಳಿಸ್ತೇನು?” ಎಂದ. ಆಮೇಲೆ, “ದನಕ್ಕ ಹಳ್ಳಕ್ಕೋಗೋ ದಾರಿ ಮುಚ್ಚೀರಿ. ಅದನ್ನ ಬಿಡ್ರಿ, ಸಾಕು,” ಎಂದ. ದಾರಿ ಬಿಟ್ಟೆ. ಇಂದಿಗೂ ಅದು ತೆರೆದೇ ಇದೆ.

೧೯೨೯ರ ಜನವರಿಯಲ್ಲಿ ಅಪ್ಪಣೆ ಬಂದಿತು. ಉಳಿದಿದ್ದ ಹತ್ತು ಮನೆಗಳ ಗಂಡಸರು ಹೆಂಗಸರು ಹಾರೆ, ಸಲಿಕೆ, ಪುಟ್ಟಿ ಹಿಡಿದು ನಾಲ್ಕೂವರೆ ತಿಂಗಳು ದುಡಿದರು. ಗರಸು ಬಿಗಿದುಕೊಂಡು ಹಾರೆಯ ಮೊನೆ ಮಡಿಚುತ್ತಿತ್ತು. ಹಾಲಸ್ವಾಮಿಯವರು ಬೆಳಗಿನಿಂದ ಕಾಲುವೆಯೊಳಗೇ ಇರುತ್ತಿದ್ದರು. ಅಂಗೈ ಬಿರಿದಾಗ ಅರಿವೆ ಸುತ್ತಿಕೊಂಡು ತೋಡುತ್ತಿದ್ದರು. ಏಪ್ರಿಲಿನಲ್ಲಿ ಚಳಿಜ್ವರ ಬಂದು ಮಲಗಿದಾಗ ಭೀಮಮ್ಮ ಗಂಜಿ ಕಾಯಿಸಿ ತಂದು, “ಇವತ್ತೊಂದಿನ ಮಲಕ್ಕೋರಿ ಸ್ವಾಮ್ಯಾರ, ಗುಡ್ಡ ಎಲ್ಲೂ ಹೋಗಂಗಿಲ್ಲ,” ಎಂದು ಗದರಿಸಬೇಕಾಯಿತು. ಮೂರನೆಯ ದಿನ ಅವರು ಮತ್ತೆ ಕಾಲುವೆಯಲ್ಲಿದ್ದರು. ಒಂದು ಮರವೂ ಬೀಳದಂತೆ ದಾರಿ ಹಾಕಿ ತೋರಿಸುತ್ತೇನೆಂದು ನನಗೆ ಕೊಟ್ಟ ಮಾತನ್ನು, ಐದು ಕಡೆ ಕಾಲುವೆಯನ್ನು ಸೊಟ್ಟಗೆ ತಿರುಗಿಸಿ ಉಳಿಸಿಕೊಂಡರು.

ಜೂನಿನಲ್ಲಿ ಮೂರು ದಿನ ಮಳೆ ಹೊಡೆದು, ನಾಲ್ಕನೆಯ ಬೆಳಿಗ್ಗೆ ನಾವೆಲ್ಲ ಕಾಲುವೆಯ ಬಾಯಿಗೆ ಹೋದೆವು. ತುಕ್ಕುಬಣ್ಣದ ನೀರು ತೊಡೆಗಾತ್ರ ಹರಿದು ಹಳ್ಳಕ್ಕೆ ಧುಮುಕುತ್ತಿತ್ತು. ಮೂಕಣ್ಣ ಹೊಲಕ್ಕೆ ಓಡಿ, ತೋಳುದ್ದ ಗುಂಡಿ ತೋಡಿ, ತಳದ ಮಣ್ಣನ್ನು ಹಿಡಿಯಲ್ಲಿ ತಂದು ತೋರಿಸಿದ. ಅದು ಹದವಾಗಿತ್ತು, ಕೈಗೆ ನೀರು ಅಂಟಲಿಲ್ಲ. “ಇಳದೈತ್ರಿ!” ಎಂದಷ್ಟೇ ಹೇಳಲು ಅವನಿಂದಾಯಿತು. ಆ ವರ್ಷ ಮೇಲಿನ ಹೊಲಗಳಲ್ಲಿ ಜೋಳ ಕಾಳು ಕಟ್ಟಿತು. ತಗ್ಗಿನ ತುಂಡು ಮಾತ್ರ ಪೂರ್ತಿ ಬಸಿಯದೆ ಉಳಿದಾಗ, ಹಾಲಸ್ವಾಮಿಯವರು ಅಲ್ಲಿ ಹಟ ಮಾಡದೆ ಕಂಪ್ಲಿಯ ನೆಲ್ಲನ್ನು ತಂದು ನೆಡಿಸಿದರು. ಹೋಗಿದ್ದ ನಾಲ್ಕು ಮನೆಗಳಲ್ಲಿ ಮೂರು ಹಿಂದಿರುಗಿದವು. ನಾಲ್ಕನೆಯದು ಬರಲಿಲ್ಲ, ಅದರ ಕೊರಗು ಅವರಿಗೆ ಇಂದಿಗೂ ಉಂಟು. ಆ ಕೊರಗಿನಲ್ಲಿ ಅರ್ಧ ಪಾಲು ನನ್ನದು.

ಅಲ್ಲಿಂದಾಚೆಯ ಹದಿನೇಳು ವರ್ಷಗಳನ್ನು ಈ ಸಂಪುಟದಲ್ಲಿ ಅವರ ಶಿಷ್ಯರು ಬರೆಯುತ್ತಾರೆ: ಗುಡ್ಡದ ಸಾಲಿನ ಏಳು ಕಣಿವೆಗಳ ಪರೀಕ್ಷೆ, ಕಿರಿಯರಿಗೆ ಅವರು ಹಾಕಿಕೊಟ್ಟ ಶಿಸ್ತು, ಕಡೆಗೂ ಬಂದ ಬಡ್ತಿ. ನಾನು ಹೇಳಬೇಕಾದದ್ದು ಇಷ್ಟೆ. ಸೋಲನ್ನು ಕಂಡ ಅಧಿಕಾರಿಗಳನ್ನು ಬಹಳ ನೋಡಿದ್ದೇನೆ. ಸೋತ ಜಾಗದಲ್ಲೇ ಗುಡಿಸಲು ಹಾಕಿದವರನ್ನು ಇವರೊಬ್ಬರನ್ನೇ ನೋಡಿದ್ದೇನೆ.

ಮೊನ್ನೆ ಹೊಸಪೇಟೆಯ ಅವರ ಮನೆಗೆ ಹೋದಾಗ ಅವರಿರಲಿಲ್ಲ. ಅವರ ಧರ್ಮಪತ್ನಿ ಶ್ರೀಮತಿ ಭರಮಮ್ಮನವರು ನೀರು ಕೊಟ್ಟು, “ಕುಂದ್ರಿ. ಬಂಡ್ರಿ ಕಡಿ ರೈತರು ಗಾಡಿ ತಗೊಂಡು ಬಂದಿದ್ರು, ನೆಲ ನೋಡಾಕ ಅವರ ಜೋಡಿ ಹೋಗ್ಯಾರ. ಪಿಂಚಣಿ ಬಂದ ಮ್ಯಾಲೆ ಮನ್ಯಾಗ ಇರ್ತಾರಂತ ನಾನೂ ನಂಬಿದ್ನಿ,” ಎಂದು ನಕ್ಕರು. ಎಂದು ಬರುತ್ತಾರೆಂದು ಕೇಳಿದೆ. “ಆ ನೆಲ ಏನಂತ ಗೊತ್ತಾದ ಮ್ಯಾಲೆ,” ಎಂದರು.

ಮಹನೀಯರಾದ ಹಾಲಸ್ವಾಮಿಯವರಿಗೆ ದೃಷ್ಟಿ ಮಂಜಾಗದಿರಲಿ, ಮೊಣಕಾಲು ದಣಿಯದಿರಲಿ, ಆಯುಸ್ಸು ನೂರನ್ನು ಮುಟ್ಟಲಿ. ಭರಮಮ್ಮನವರಿಗೆ ಕಾಯುವ ತಾಳ್ಮೆ ಅಷ್ಟೇ ದೀರ್ಘವಾಗಿರಲಿ. ಬಂಡ್ರಿಯ ಕೆಲಸಕ್ಕೆ ಇನ್ನೊಂದು ಆಳು ಬೇಕಾದರೆ, ನಾನೂ ನಿವೃತ್ತನೇ. ಬರಲು ಸಿದ್ಧನಿದ್ದೇನೆಂದು ಈ ಮೂಲಕ ಅವರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.