ಭಾನುವಾರದ ಚೌಕಾಬಾರ

ಮೊನ್ನೆ ಹೆಂಡತಿ ಹೊಸ ಹುಣಸೆಹಣ್ಣು ಹರಡಿಕೊಂಡು ಬೀಜ ಬಿಡಿಸುತ್ತಿದ್ದಳು. ಆ ಹುಳಿ ವಾಸನೆಗೆ ಎಲ್ಲರಿಗೂ ಬಾಲ್ಯ ನೆನಪಾಗುತ್ತದಂತೆ. ನನಗೆ ಹೊಸೂರಿನ ಅವಲಪಲ್ಲಿ ಕಡೆಯ ಒಂದು ವೃದ್ಧಾಶ್ರಮದ ಜಗಲಿ ನೆನಪಾಯಿತು.

ಇಪ್ಪತ್ತು ವರ್ಷದ ಹಿಂದಿನ ಮಾತು. ಕೋಲಾರದ ಕಡೆಯಿಂದ ಬಂದು ಹೊಸೂರಿನ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದೆ. ಜೊತೆಯವರು ಕೆಲವರು ಭಾನುವಾರ ಆ ಆಶ್ರಮಕ್ಕೆ ಹೋಗಿ ಹಿರಿಯರಿಗೆ ಹಾಡು, ಆಟ, ವ್ಯಾಯಾಮ ನಡೆಸುತ್ತಿದ್ದರು. ನಾನೂ ಸೇರಿಕೊಂಡೆ. ಬಾಯಿ ತೆರೆದರೆ ಜೂಜುವಾಡಿ ಹೆದ್ದಾರಿಯ ಲಾರಿಗಳೇ ದಾರಿ ಬಿಡುವಂಥ ಕಂಠ ನನ್ನದು. ಒಂದು ದಿನ ಕೇಳಿದ ಮೇಲೆ ನನ್ನನ್ನು ಹಾಡಿನಿಂದ ಬಿಡಿಸಿ ಚೌಕಾಬಾರ ನೋಡಿಕೊಳ್ಳಲು ಕೂರಿಸಿದರು.

ಆಡುವವರು ಇಬ್ಬರೇ: ಬೇರಿಕೆ ಕಡೆಯ ಮುನಿಯಮ್ಮ, ಕೃಷ್ಣಗಿರಿಯ ಕಮಲಮ್ಮಾಳ್. ಮುನಿಯಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ಒಂದು ಮಗ್ಗುಲು ಉಜ್ಜಿದ ಹುಣಸೆಬೀಜ ಚೆಲ್ಲಿ, ಬೆರಳಿನಲ್ಲಿ ಸವರಿಯೇ ಎಷ್ಟು ಬಿತ್ತೆಂದು ಹೇಳುತ್ತಿದ್ದರು. ಅವರ ಕಾಯಿ ನಡೆಸುತ್ತಿದ್ದವರು ಎದುರಾಳಿ ಕಮಲಮ್ಮಾಳ್! ತನಗೇ ಪೆಟ್ಟು ಬೀಳುವಂತಿದ್ದರೂ ಒಂದು ಮನೆ ಅತ್ತಿತ್ತ ಮಾಡುತ್ತಿರಲಿಲ್ಲ. “ಎನ್ನೆ ವೆಟ್ಟಿಟ್ಟಿಯೇಡೀ!” ನನ್ನ ಕಡಿದುಬಿಟ್ಟೆಯಲ್ಲೇ ಎಂದು ತಮಿಳಿನಲ್ಲಿ ಗೊಣಗುತ್ತ, ಹೊಡೆತ ತಿಂದ ತನ್ನ ಕಾಯಿಯನ್ನು ತಾನೇ ಎತ್ತಿ ಹೊರಗಿಡುವರು.

“ನೀನ್ ಹೇಳ್ದೆ ಇದ್ದಿದ್ರೆ ನಂಗೇನ್ ಗೊತ್ತಾಗ್ತಿತ್ತಮ್ಮಿ?” ಎಂದು ಮುನಿಯಮ್ಮ ನಗುವರು.

ಒಂದು ಭಾನುವಾರ ಹೋದಾಗ ಮೇಲ್ವಿಚಾರಕಿ ಬಾಗಿಲಲ್ಲೇ ತಡೆದರು. ವಾರದ ನಡುವೆ ಆಸ್ಪತ್ರೆಗೆ ಸೇರಿಸಿದ್ದ ಕಮಲಮ್ಮಾಳ್ ಅಲ್ಲೇ ತೀರಿಕೊಂಡಿದ್ದರು. ಸಂಬಂಧಿಕರು ಆಸ್ಪತ್ರೆಯಿಂದಲೇ ಒಯ್ದು ಸಂಸ್ಕಾರ ಮುಗಿಸಿದ್ದರಂತೆ.

“ಇನ್ನೂ ಆಸ್ಪತ್ರೇಲೇ ಅವ್ರೆ ಅಂತ ಹೇಳಿದೀವಿ ಸಾರ್. ಯಾರ್ ಹೋದ್ರೂ ಹಂಗೇ ಹೇಳೋದು. ವಯಸ್ಸಾದೋರು, ತಡ್ಕೊಳಲ್ಲ. ನೀವೂ ಬಾಯ್ ಬಿಡ್ಬೇಡಿ.”

ಆಕೆ ಕೆಟ್ಟವರಲ್ಲ, ಕರುಣೆಯಿಂದಲೇ ಹೇಳಿದ್ದು.

ಜಗಲಿಯಲ್ಲಿ ಮುನಿಯಮ್ಮ ಒಬ್ಬರೇ ಕೂತಿದ್ದರು. ನನ್ನ ಹೆಜ್ಜೆ ಗುರುತಿಸಿದರು.

“ಬಂದ್ಯೇನಪ್ಪ? ಕಮಲಮ್ಮ ಹೋಗ್ಬುಟ್ಳಾ?”

ನಾನು ಪಕ್ಕದಲ್ಲಿ ಕೂತು ಹುಣಸೆಬೀಜ ಒಟ್ಟುಮಾಡತೊಡಗಿದೆ.

“ನಿಜ ಹೇಳ್ಬುಡಪ್ಪ. ಯಾರೂ ಹೇಳ್ದೆ ನಾನ್ ಹೆಂಗ್ ಅಳ್ಲಿ?”

ಅವರ ಕೈ ಹಿಡಿದುಕೊಂಡೆ. “ಹೌದಜ್ಜಿ. ಹೋಗ್ಬುಟ್ರು.”

ಮುನಿಯಮ್ಮ ಎದೆ ಬಿರಿಯುವಂತೆ ಅತ್ತರು. ಮೇಲ್ವಿಚಾರಕಿ ಓಡಿಬಂದು ನನ್ನ ಮೇಲೆ ಸಿಡುಕಿದರು. ಅಷ್ಟರಲ್ಲಿ ಒಳಗಿನವರು ಗೋಡೆ ಹಿಡಿದು, ಕೋಲು ಊರಿ ಒಬ್ಬೊಬ್ಬರಾಗಿ ಜಗಲಿಗೆ ಬಂದರು. ಎಲ್ಲರಿಗೂ ಗುಮಾನಿಯಿತ್ತು, ಕೇಳುವ ಧೈರ್ಯವಿರಲಿಲ್ಲ. ತೆಲುಗಿನ ತಾತನೊಬ್ಬರು, ಕಮಲಮ್ಮಾಳ್ ತನ್ನ ಅಂಗಿಗೆ ಗುಂಡಿ ಹೊಲಿದುಕೊಟ್ಟದ್ದನ್ನು ಹೇಳಿ ಆ ಗುಂಡಿಯನ್ನೇ ಮುಟ್ಟಿ ತೋರಿಸಿದರು. ಇನ್ನೊಬ್ಬಾಕೆ ಅವರ ಮುಂಗೋಪ ನೆನೆದು ಅಳುತ್ತಲೇ ನಕ್ಕರು. ಕೊನೆಗೆ ಮೇಲ್ವಿಚಾರಕಿಯೂ ನೆಲದ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವತ್ತು ಹಾಡಿಲ್ಲ, ವ್ಯಾಯಾಮವಿಲ್ಲ.

ಆಮೇಲೆ ಅಲ್ಲಿ ಯಾರೇ ತೀರಿಕೊಂಡರೂ ಮುಂದಿನ ಭಾನುವಾರ ಆಟ ಬಿಟ್ಟು ಅವರ ಮಾತೇ ಆಡುತ್ತಿದ್ದೆವು. ಕೆಲವು ವರ್ಷಕ್ಕೆ ಮುನಿಯಮ್ಮನ ಭಾನುವಾರವೂ ಬಂತು. ಅವತ್ತು ಬಹಳ ಹೊತ್ತು ಮಾತಾಡಿದವನು ನಾನೇ.

ಇದನ್ನೆಲ್ಲ ನೆನೆದ ಮರುದಿನವೇ ನನ್ನ ಚಿಕ್ಕಮ್ಮ, ಅಮ್ಮನ ಒಬ್ಬಳೇ ತಂಗಿ, ಊರಿನಲ್ಲಿ ಹೋದಳೆಂದು ಫೋನು ಬಂತು. ‘ಅಮ್ಮನಿಗೆ ಎಂಬತ್ತು ದಾಟಿದೆ, ಹೇಳೋದು ಬೇಡ’ ಎಂದು ಎಲ್ಲರೂ ಎಂದರು. ನಾನೂ ಮೊದಲು ಹೂಂಗುಟ್ಟಿದೆ. ಫೋನು ಇಟ್ಟ ಮೇಲೆ ಯಾಕೋ ಕಾಲು ಅಮ್ಮನ ಕೋಣೆಯ ಕಡೆಗೇ ಎಳೆಯಿತು. ಹೋಗಿ ಮಂಚದ ಅಂಚಿನಲ್ಲಿ ಕೂತು ಹೇಳಿದೆ.

ಅಮ್ಮ ಅತ್ತಳು. ಅತ್ತು, ಮುಖ ಒರೆಸಿಕೊಂಡು, “ನಾನ್ ಹೋಗೋವರ್ಗೂ ಎತ್ಬೇಡಿ ಅಂತ ಹೇಳೋ ಅವ್ರಿಗೆ. ಮುಖ ನೋಡ್ಬೇಕು” ಎಂದಳು.

ಮಧ್ಯಾಹ್ನದೊಳಗೆ ಊರು ಮುಟ್ಟಿದೆವು. ಚಿಕ್ಕಮ್ಮನ ಹಣೆಯ ಕೂದಲನ್ನು ಅಮ್ಮನೇ ಸರಿಮಾಡಿದಳು.