ಚಾಚಾ ಹಾಕಿಸಿದ ಲೋಬಾನ

ಹೋದ ವಾರ ಬಸ್ಸು ಶಿಡ್ಲಘಟ್ಟದೊಳಗೆ ತಿರುಗುತ್ತಿದ್ದಂತೆ ಕಿಟಕಿಯಿಂದ ಬೇಯಿಸಿದ ರೇಷ್ಮೆಗೂಡಿನ ವಾಸನೆ ನುಗ್ಗಿತು. ಪಕ್ಕದ ಸೀಟಿನವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ನಮ್ಮ ಬೀದಿಯ ಚಾಚಾ ನೆನಪಾದರು…

ಚಾಚಾ ಅವರದು ನೂಲು ಬಿಚ್ಚುವ ಘಟಕ. ಅಮ್ಮ ಅಲ್ಲೇ ಬಿಸಿನೀರಿನ ಬಾಣಲೆಯ ಮುಂದೆ ಕೂತು ಗೂಡಿನಿಂದ ಎಳೆ ತೆಗೆಯುತ್ತಿದ್ದಳು. ಆ ಬೆಂದ ಬೆರಳುಗಳ ದುಡಿಮೆಯಲ್ಲೇ ನಾನು ಡಿಗ್ರಿ ಓದಿದ್ದು, ನಮ್ಮ ವಂಶದಲ್ಲೇ ಮೊದಲಿಗಳಾಗಿ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ನಾನು ಡಿಗ್ರಿ ಮುಗಿಸಿದ ವರ್ಷ ನಮ್ಮ ಬೀದಿಗೆ ಪರದೇಶದ ವ್ಯಾಪಾರಿಗಳು ಬಂದರು, ಅದೇ ಮೊದಲು. ಜಪಾನಿನವರು. ಅವರ ದೇಶದ ಪ್ರದರ್ಶನಕ್ಕೆ ನಮ್ಮೂರಿನಿಂದ ಒಂದೇ ಒಂದು ಲಡಿ ನೂಲು ಆರಿಸುತ್ತಾರಂತೆ. ಅದು ತಮ್ಮ ಘಟಕದ್ದೇ ಆಗಬೇಕೆಂದು ಚಾಚಾ ಗೋಡೆಗೆ ಸುಣ್ಣ ಬಳಿಸಿದರು, ಇಂಗ್ಲಿಷ್ ಆಡಲು ನನ್ನನ್ನು ಕರೆಸಿದರು. ಅವರ ಭಯ ಒಂದೇ, ವಾಸನೆ. "ದೊಡ್ಡ ದೇಶದೋರು ಕಣಮ್ಮ, ಬಾಗ್ಲಿಂದ್ಲೇ ವಾಪಸ್ ಹೋಗ್ಬಿಡ್ತಾರೆ" ಎಂದು ಮೂಲೆಮೂಲೆಗೂ ಲೋಬಾನದ ಹೊಗೆ ಹಾಕಿಸಿದರು. ಇದೇನು ಘಟಕವೋ ದರ್ಗಾವೋ ಎಂದು ಅಮ್ಮ ಕೆಮ್ಮುತ್ತಲೇ ಛೇಡಿಸಿದಳು.

ಬಂದವರಲ್ಲಿ ಹಿರಿಯರೊಬ್ಬರು ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಾ ಅಮ್ಮನ ಬಾಣಲೆಯ ಬಳಿಗೆ ಹೋದರು. ಬಗ್ಗಿ ಆವಿಯನ್ನು ಮೂಸಿ ಹಾಗೇ ನಿಂತುಬಿಟ್ಟರು. ಆಮೇಲೆ ನನ್ನತ್ತ ತಿರುಗಿ ತಡೆತಡೆದು ಇಂಗ್ಲಿಷಿನಲ್ಲಿ ಮಾತಾಡಿದರು. "ಚಾಚಾ, ಈ ವಾಸನೆ…" ಎಂದೆ, ಅಷ್ಟೆ. ಚಾಚಾ ಮುಖ ಬಿಳಿಚಿಕೊಂಡಿತು. ಕೈಮುಗಿದು ಮಾಫಿ ಕೇಳತೊಡಗಿದರು.

"ತಡೀರಿ ಚಾಚಾ, ಪೂರ್ತಿ ಕೇಳಿ. ಅವ್ರ ಅಜ್ಜೀನೂ ಗೂಡು ಬೇಯಿಸ್ತಿದ್ರಂತೆ. ಆ ಮನೇಲೂ ಇದೇ ವಾಸನೆ ಅಂತೆ. ಹೊಗೆ ತೆಗೀರಿ ಅಂತಿದಾರೆ."

ಚಾಚಾ ಮುಗಿದ ಕೈ ಇಳಿಸಿದರು. "ಹಂಗಾದ್ರೆ ವಾಸನೆ ಅನ್ಬೇಡಮ್ಮ," ಎಂದರು, "ಖುಷ್ಬೂ ಅನ್ನು." ತಾವೇ ಓಡಿ ಲೋಬಾನದ ಮೇಲೆ ನೀರು ಸುರಿದರು.

ಆ ಹಿರಿಯರು ಅಮ್ಮ ತೆಗೆದ ಎಳೆಯನ್ನು ಬೆರಳಿನ ನಡುವೆ ಹಿಡಿದು ಎಳೆದರು, ಬೆಳಕಿಗೆ ಹಿಡಿದರು, ತಲೆದೂಗಿದರು. ಆ ಲಡಿಯೇ ಆಯ್ಕೆಯಾಯಿತು! ಲಡಿಗೆ ಕಟ್ಟುವ ಚೀಟಿಯ ಮೇಲೆ ಯಾರ ಹೆಸರು ಬರೆಯಲಿ ಎಂದು ಚಾಚಾರನ್ನು ಕೇಳಿದೆ.

"ಮೇಲೆ ಶಿಡ್ಲಘಟ್ಟ ಅಂತ ಬರಿ. ಕೆಳಗೆ ನಿಮ್ಮಮ್ಮನ ಹೆಸ್ರು ಬರಿ."

ಓದು ಬಾರದ ಅಮ್ಮನ ಹೆಸರನ್ನು ನಾನು ಇಂಗ್ಲಿಷಿನಲ್ಲಿ ಬರೆದದ್ದು ಅದೇ ಮೊದಲು. ಅವಳ ಹೆಸರು ಜಪಾನಿಗೆ ಹೋಯಿತು.

ಚಾಚಾ ಹೋಗಿ ವರ್ಷಗಳಾದವು. ಘಟಕವಿದ್ದಲ್ಲಿ ಈಗ ಮೊಬೈಲ್ ಅಂಗಡಿ… ಇದೆಂಥ ವಾಸನೆ ಎಂದು ಪಕ್ಕದ ಸೀಟಿನವರು ಕೇಳಿದರು. ಖುಷ್ಬೂ ಎನ್ನಲು ಹೊರಟವಳು ತಡೆದುಕೊಂಡೆ. ಆ ಮಾತು ಚಾಚಾ ಬಾಯಲ್ಲೇ ಚೆನ್ನ.

"ನಮ್ಮನೇದು ಕಣ್ರೀ" ಎಂದೆ.